ಸೋಲಾರ್ ಸದ್ದು ಮಾಡುವುದು ಎಷ್ಟು ಗಂಟೆಗೆ?

ತಾರಸಿಯ ಮೇಲೆ 200 ಲೀಟರಿನ ಟ್ಯೂಬ್ ಸೋಲಾರ್ ವಾಟರ್ ಹೀಟರ್ ಹಾಕಿಸಿ ಎರಡು ವರ್ಷವಾಗಿದೆ, ಈಗೀಗ ಕೆಳಗಿನ ರೂಮಿನಲ್ಲಿ ಟಕ್ ಟಕ್ ಅಂತ, ಕೆಲವೊಮ್ಮೆ ಗುಡುಗುಡು ಅಂತ ಕೇಳಿಸುತ್ತದೆ, ಇದು ಮಾಮೂಲಿಯೇ, ಎಷ್ಟು ಸದ್ದಿದ್ದರೆ ಸರಿ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲಿ ಇದೇ ಸದ್ದಿನ ಹಿಂದೆ ಮೂರು ತಿಂಗಳು ಓಡಾಡಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೋಟಾರ್ ಇಲ್ಲದ ಮನೆ ಸೋಲಾರ್‌ನಲ್ಲಿ ಸದ್ದು ಮಾಡುವಂಥ ಭಾಗವೇ ಇಲ್ಲ. ಟ್ಯೂಬಿನಲ್ಲಿ ಕಾದ ನೀರು ಹಗುರಾಗಿ ಟ್ಯಾಂಕಿಗೆ ಏರುತ್ತದೆ, ತಣ್ಣನೆಯ ನೀರು ಆ ಜಾಗಕ್ಕೆ ಇಳಿಯುತ್ತದೆ. ಇಡೀ ದಿನ ನಡೆಯುವುದು ಇಷ್ಟೇ, ಅದೂ ಮೆಲ್ಲಗೆ. ಬೆಳಿಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದ ಮೇಲೆ ಐದಾರು ನಿಮಿಷ ಪೈಪು ಟಿಕ್ ಟಿಕ್ ಅಂದರೆ ಅದು ಸಹಜ. ಅದನ್ನು ಬಿಟ್ಟು ಬೇರೆ ಯಾವ ಸದ್ದು ಕೇಳಿದರೂ ಅದಕ್ಕೊಂದು ಕಾರಣ ಇರುತ್ತದೆ. ಆ ಕಾರಣ ಹಿಡಿಯಲು ಸದ್ದು ಎಷ್ಟು ಜೋರಾಗಿದೆ ಅನ್ನುವುದು ನನಗೆ ಯಾವತ್ತೂ ಸಹಾಯ ಮಾಡಲಿಲ್ಲ. ಎಷ್ಟು ಗಂಟೆಗೆ ಬರುತ್ತದೆ ಅನ್ನುವುದು ಮಾಡಿತು.

ನಮ್ಮದು ಬೆಂಗಳೂರಿನಲ್ಲಿ 30x40 ಸೈಟಿನ ಮನೆ. ಮೇಲಿನ ಮಹಡಿಯ ರೂಮು ಅಮ್ಮನದು, ಸೋಲಾರ್ ಟ್ಯಾಂಕು ಸರಿಯಾಗಿ ಅದರ ಮೇಲೆ. ಒಂದು ಮಾರ್ಚ್ ತಿಂಗಳಲ್ಲಿ ಅಮ್ಮ, "ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಮೇಲೆ ಯಾರೋ ತಗಡು ಬಡಿದ ಹಾಗಾಗುತ್ತೆ ಕಣೇ" ಅಂದರು. ನಾನು ಆ ಹೊತ್ತಿಗೆ ಆಫೀಸಿನಲ್ಲಿರುತ್ತಿದ್ದೆ, ಸಂಜೆ ಬಂದು ನೋಡಿದರೆ ಏನೂ ಇಲ್ಲ. ಒಂದು ಶನಿವಾರ ಊಟ ಮುಗಿಸಿ ಅಮ್ಮನ ರೂಮಿನಲ್ಲೇ ಕೂತೆ. ಎರಡು ಗಂಟೆ ದಾಟಿತ್ತು. ಎಣ್ಣೆ ಡಬ್ಬದ ತಳವನ್ನು ಹೆಬ್ಬೆರಳಿಂದ ಒತ್ತಿ ಬಿಟ್ಟಂತೆ ಒಂದು "ಧಡ್". ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಓಡಿ ಹೋಗಿ ತಾರಸಿ ಹತ್ತಿ ನೋಡಿದೆ. ಟ್ಯಾಂಕಿನ ಮೇಲೆ ನೆಟ್ಟಗೆ ನಿಲ್ಲುವ ಏರ್ ವೆಂಟ್ ಪೈಪಿನ ತುದಿಗೆ ಎಂಡ್ ಕ್ಯಾಪ್ ಹಾಕಿ ಬಿಗಿಯಾಗಿ ಮುಚ್ಚಿದ್ದರು.

ಆದದ್ದು ಇಷ್ಟು. ಹದಿನೈದು ದಿನದ ಹಿಂದೆ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದ್ದೆವು. ವೆಂಟ್ ಪೈಪಿನಿಂದ ನೀರು ತೊಟ್ಟಿಕ್ಕಿ ಹೊಸ ಕೋಟಿಂಗ್ ಹಾಳಾಗುತ್ತದೆಂದು ಕೆಲಸದವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಮುಚ್ಚಿದ್ದರು. ಆ ಪೈಪು ಯಾಕಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅವತ್ತಿನವರೆಗೆ ಗೊತ್ತಿರಲಿಲ್ಲ.

200 ಲೀಟರ್ ನೀರು 20 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ 5 ಲೀಟರ್‌ಗಿಂತ ಹೆಚ್ಚು ಹಿಗ್ಗುತ್ತದೆ. ಆ 5 ಲೀಟರ್‌ಗೆ ಎಲ್ಲಾದರೂ ಜಾಗ ಬೇಕಲ್ಲ. ತಣ್ಣೀರಿನ ಲೈನಿನಲ್ಲಿ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದ್ದರೆ ಹಿಗ್ಗಿದ ನೀರು ಓವರ್‌ಹೆಡ್ ಟ್ಯಾಂಕಿಗೆ ವಾಪಸ್ ಹೋಗಲಾರದು, ನಮ್ಮಲ್ಲಿ ಹಾಕಿದ್ದರು. ಉಳಿಯುವ ದಾರಿ ವೆಂಟ್ ಒಂದೇ. ಅದನ್ನೂ ಮುಚ್ಚಿದರೆ ಒತ್ತಡವೆಲ್ಲ ಒಳಗಿನ ಸ್ಟೀಲ್ ತಗಡಿನ ಮೇಲೆ ಬೀಳುತ್ತದೆ. ಸಾಮಾನ್ಯ ಮನೆ ಸೋಲಾರ್‌ನ ಟ್ಯಾಂಕು ಒತ್ತಡ ತಡೆಯುವುದಕ್ಕೆ ಮಾಡಿದ್ದೇ ಅಲ್ಲ. ನಾವು ಕೇಳಿದ "ಧಡ್" ತಗಡು ಉಬ್ಬುವ ಸದ್ದು. ಇದರ ತಿರುಗುಮುರುಗೂ ಆಗುತ್ತದೆ. ಓವರ್‌ಹೆಡ್ ಟ್ಯಾಂಕು ಖಾಲಿಯಾಗಿ, ಕೆಳಗೆ ಯಾರಾದರೂ ಬಿಸಿನೀರು ಬಿಟ್ಟುಕೊಂಡರೆ, ನೀರು ಹೋದ ಜಾಗಕ್ಕೆ ಗಾಳಿ ಸರಾಗವಾಗಿ ಬರಲು ದಾರಿಯಿಲ್ಲದೆ ಟ್ಯಾಂಕು ಒಳಕ್ಕೆ ಕುಸಿಯಬಹುದು. ಮುಷ್ಟಿಯಲ್ಲಿ ಅಮುಕಿದಂತೆ ನಜ್ಜುಗುಜ್ಜಾದ ಟ್ಯಾಂಕೊಂದನ್ನು ನಮ್ಮ ಬೀದಿಯಲ್ಲೇ ಆಮೇಲೆ ನೋಡಿದೆ.

ಪ್ಲಂಬರ್ ಬಂದು ನೋಡಿದವರೇ, "ಅಕ್ಕಾ, ಈಗ ಬಿಸಿಲಲ್ಲಿ ಇದನ್ನ ಮುಟ್ಟೋದು ಬೇಡ, ಹಬೆ ಮುಖಕ್ಕೆ ಹೊಡೆಯುತ್ತೆ" ಅಂದು ಟ್ಯೂಬುಗಳ ಮೇಲೆ ಗೋಣಿಚೀಲ ಹೊದಿಸಿ, ಮರುದಿನ ಬೆಳಿಗ್ಗೆ ಆರಕ್ಕೆ ಬಂದು ಕ್ಯಾಪ್ ತೆಗೆದರು. ನೀವೂ ದಯವಿಟ್ಟು ಹಾಗೆಯೇ ಮಾಡಿ. ಇನ್ನು ಮೊದಲು ನೀರು ತೊಟ್ಟಿಕ್ಕುತ್ತಿದ್ದದ್ದು ಯಾಕೆ? ಸಿಂಟೆಕ್ಸ್ ಓವರ್‌ಹೆಡ್ ಟ್ಯಾಂಕು ಬದಲಾಯಿಸಿದಾಗ ಸ್ಟ್ಯಾಂಡ್ ಎತ್ತರಿಸಿದ್ದೆವು, ವೆಂಟ್ ಪೈಪು ಹಳೆಯ ಎತ್ತರದಲ್ಲೇ ಉಳಿದಿತ್ತು. ವೆಂಟಿನ ತುದಿ ಓವರ್‌ಹೆಡ್ ಟ್ಯಾಂಕು ತುಂಬಿದಾಗಿನ ನೀರಿನ ಮಟ್ಟಕ್ಕಿಂತ ಮೇಲಿರಲೇಬೇಕು. ಬಿಸಿನೀರು ಹಗುರವಾದ್ದರಿಂದ ವೆಂಟಿನೊಳಗೆ ಅದು ತಣ್ಣೀರಿನ ಮಟ್ಟಕ್ಕಿಂತ ತುಸು ಮೇಲೇ ನಿಲ್ಲುತ್ತದೆ, ಹಾಗಾಗಿ ಧಾರಾಳವಾಗಿ ಎತ್ತರ ಕೊಡಬೇಕು. ಮೂರಡಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಸೇರಿಸಿ, ಕಸ ಬೀಳದಂತೆ ತುದಿಯನ್ನು ಕೆಳಮುಖವಾಗಿ ಬಗ್ಗಿಸಿದರು. ತೊಟ್ಟಿಕ್ಕುವುದೂ ನಿಂತಿತು, "ಧಡ್" ಅನ್ನುವುದೂ ನಿಂತಿತು. ಈ ಪೈಪಿಗೆ ಕ್ಯಾಪೂ ಇರಬಾರದು, ವಾಲ್ವೂ ಇರಬಾರದು.

ಆದರೆ ಅಮ್ಮನ ದೂರು ಪೂರ್ತಿ ನಿಲ್ಲಲಿಲ್ಲ. ಹನ್ನೆರಡರಿಂದ ಮೂರು ಗಂಟೆಯವರೆಗೆ ಸಣ್ಣಗೆ ಗುಡುಗುಡು ಇದ್ದೇ ಇತ್ತು. ಈ ಸಲ ಕಾರಣ ಹೇಳಿದ್ದು ಅಮ್ಮನೇ. "ಬಚ್ಚಲ ಹಂಡೆ ಕುದಿಗೆ ಬರೋ ಮುಂಚೆ ಹೀಗೇ ಅಲ್ವಾ ಸದ್ದು ಮಾಡ್ತಿದ್ದಿದ್ದು?" ಅಂದರು. ಸೌದೆ ಒಲೆಯ ಹಂಡೆ ನೋಡಿದವರಿಗೆ ಇದು ಗೊತ್ತು. ನೀರು ಪೂರ್ತಿ ಕುದಿಯುವ ಮೊದಲೇ ಸದ್ದು ಜೋರು, ಕುದಿ ಬಂದ ಮೇಲೆ ತಗ್ಗುತ್ತದೆ. ಬಿಸಿ ತಳದಲ್ಲಿ ಹುಟ್ಟಿದ ಹಬೆಯ ಗುಳ್ಳೆ ಮೇಲಿನ ತಣ್ಣೀರಿಗೆ ಸಿಕ್ಕಿ ಪಟ್ಟನೆ ಕುಗ್ಗಿಹೋಗುವುದರಿಂದ ಬರುವ ಸದ್ದು ಅದು. ಸೋಲಾರ್ ಟ್ಯೂಬಿನಲ್ಲಿ ಈ ಸದ್ದು ಬಂದರೆ, ಟ್ಯಾಂಕಿನ ನೀರು ಇನ್ನೂ ಹದವಾಗಿರುವಾಗಲೇ ಟ್ಯೂಬಿನೊಳಗೆ ಒಂದೆರಡು ಕಡೆ ನೀರು ಕುದಿಯುತ್ತಿದೆ, ಅಂದರೆ ಸರಾಗವಾಗಿ ಏರಿಳಿಯುತ್ತಿಲ್ಲ ಅಂತ ಅರ್ಥ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಬೇಸಿಗೆ ಬಿಸಿಲಿನ ಟ್ಯೂಬಿಗೆ ಅದೇನೂ ದೂರವಲ್ಲ.

ನಮ್ಮಲ್ಲಿ ದಾರಿಗೆ ಅಡ್ಡವಾಗಿದ್ದದ್ದು ಬೋರ್ ನೀರಿನ ಉಪ್ಪು. ಉಪ್ಪು ಅಂತ ನಾವು ಬಾಯಿಮಾತಿಗೆ ಹೇಳುವುದು, ಅದು ಸುಣ್ಣ. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದಂಶ ಬೇರೆಯಾಗಿ ಗಾಜಿಗೆ, ತಗಡಿಗೆ ಅಂಟುತ್ತದೆ. ಸರ್ವಿಸಿನವರು ಟ್ಯೂಬ್ ಬಿಚ್ಚಿ ಬಗ್ಗಿಸಿದಾಗ ಒಂದೊಂದರಿಂದಲೂ ಹಿಡಿ ಹಿಡಿ ಬಿಳಿ ಚಕ್ಕೆ ಬಿತ್ತು. ತೊಳೆದು ಹಾಕಿದ ಮೇಲೆ ಮಧ್ಯಾಹ್ನ ಮೌನ. ಆಮೇಲೆ ಸೋಲಾರಿಗೆ ಹೋಗುವ ಲೈನನ್ನು ಮಾತ್ರ ಕಾವೇರಿ ನೀರಿನ ಟ್ಯಾಂಕಿಗೆ ಜೋಡಿಸಿದೆವು. ನಿಮ್ಮಲ್ಲಿ ಬೋರ್ ನೀರು ಮಾತ್ರ ಇದ್ದರೆ, ವರ್ಷಕ್ಕೊಮ್ಮೆ ತೊಳೆಸುವುದನ್ನು ತಪ್ಪಿಸಬೇಡಿ. ತೊಳೆಸುವಾಗ ಒಂದು ಎಚ್ಚರಿಕೆ: ಬಿಸಿಲಿಗೆ ಖಾಲಿ ನಿಂತು ಕಾದ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತದೆ. ಈ ಕೆಲಸ ಹೊತ್ತು ಹುಟ್ಟುವ ಮುಂಚೆಯೇ ಆಗಬೇಕು.

ನೀವು ಹೇಳಿದ ಟಕ್ ಟಕ್ ಬಹುಶಃ ಬೇರೆ. ಅದು ಬೆಳಿಗ್ಗೆ ಸ್ನಾನದ ಹೊತ್ತಿಗೆ, ಮತ್ತೆ ಪೈಪು ಆರುವ ಹೊತ್ತಿಗೆ ಬರುತ್ತಿದ್ದರೆ ಪೈಪಿನದು. 10 ಮೀಟರ್ ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್) ಪೈಪು 40 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 25 ಮಿಲಿಮೀಟರ್ ಉದ್ದವಾಗುತ್ತದೆ, ಅದೇ ಉದ್ದದ ಜಿಐ ಪೈಪು 5 ಮಿಲಿಮೀಟರ್ ಮಾತ್ರ. ಬಿಗಿಯಾದ ಕ್ಲಾಂಪಿನಲ್ಲಿ ಸಿಕ್ಕಿಕೊಂಡ ಪೈಪು ಒಮ್ಮೆಲೇ ಜಾರಿದಾಗ ಟಕ್ ಅನ್ನುತ್ತದೆ. ಅಪಾಯವೇನಿಲ್ಲ. ಕ್ಲಾಂಪ್ ಸ್ವಲ್ಪ ಸಡಿಲಿಸಿ ನಡುವೆ ರಬ್ಬರ್ ತುಂಡಿಟ್ಟರೆ ಮುಗಿಯಿತು. ಗೋಡೆಯೊಳಗೆ ಹೂತ ಪೈಪಾದರೆ ಸಹಿಸಿಕೊಳ್ಳಬೇಕಷ್ಟೇ, ಅದಕ್ಕಾಗಿ ಟೈಲ್ಸ್ ಒಡೆಸಬೇಡಿ. ನಲ್ಲಿಯಲ್ಲಿ ಗುಳುಗುಳು ಅಂದು ನೀರು ಚಿಮ್ಮಿ ಚಿಮ್ಮಿ ಬಂದರೆ ಲೈನಿನಲ್ಲಿ ಗಾಳಿ ಸಿಕ್ಕಿದೆ ಅಂತ. ಓವರ್‌ಹೆಡ್ ಟ್ಯಾಂಕು ಖಾಲಿಯಾಗಿ ಮತ್ತೆ ತುಂಬಿದ ದಿನ ಹೀಗಾಗುವುದು ಮಾಮೂಲು.

ಡೆಸಿಬಲ್ ಲೆಕ್ಕ ಕೇಳಿದ್ದೀರಿ. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಸೋಲಾರಿಗೆ ಈ ಲೆಕ್ಕ ಅಷ್ಟಾಗಿ ತಾಗುವುದಿಲ್ಲ, ತಾಗುವುದು ನಲ್ಲಿಗಳಲ್ಲಿ ನೀರಿನ ರಭಸ ಹೆಚ್ಚಿಸಲು ಹಾಕಿಸುವ ಪ್ರೆಶರ್ ಪಂಪಿಗೆ. ಮಧ್ಯರಾತ್ರಿ ಯಾರೂ ನಲ್ಲಿ ಮುಟ್ಟದಿದ್ದರೂ ಗರ್ ಅಂದು ನಿಲ್ಲುತ್ತಿದ್ದರೆ, ಎಲ್ಲೋ ನಲ್ಲಿಯೋ ಫ್ಲಶ್ಶೋ ಸೋರುತ್ತಿದೆ. ಒತ್ತಡ ಇಳಿದಾಗಲೆಲ್ಲ ಪಂಪು ತಾನಾಗಿ ಶುರುವಾಗುತ್ತದೆ. ಪಂಪನ್ನು ನೇರ ಮೋಲ್ಡಿನ ಮೇಲೆ ಬೋಲ್ಟ್ ಮಾಡಿದ್ದರೆ ಕೆಳಗಿನ ರೂಮೇ ತಂಬೂರಿಯ ಬುರುಡೆಯಂತಾಗುತ್ತದೆ. ದಪ್ಪ ರಬ್ಬರ್ ಮ್ಯಾಟು, ಪಂಪಿನ ಎರಡೂ ಬದಿ ಒಂದೊಂದಡಿ ಫ್ಲೆಕ್ಸಿಬಲ್ ಹೋಸು, ಇವೆರಡರಿಂದ ನಮ್ಮ ಪಕ್ಕದ ಮನೆಯವರ ನಿದ್ದೆ ಉಳಿಯಿತು. ಮಾಮೂಲಿ ಸೋಲಾರ್ ಟ್ಯಾಂಕಿಗೆ ಹೋಗುವ ತಣ್ಣೀರಿನ ಲೈನಿಗೆ ಈ ಪಂಪನ್ನು ಜೋಡಿಸಲೇಬಾರದು. ಕೆಲವು ಕಡೆ ಜೋಡಿಸುತ್ತಾರೆ, ಆಮೇಲೆ ವೆಂಟಿನಿಂದ ನೀರು ಚಿಮ್ಮುತ್ತದೆ, ಚಿಮ್ಮುತ್ತದೆಂದು ವೆಂಟ್ ಮುಚ್ಚುತ್ತಾರೆ.

ನಾಳೆ ಬೆಳಿಗ್ಗೆ ಬಿಸಿಲೇರುವ ಮುಂಚೆ ತಾರಸಿಗೆ ಹೋಗಿ ಆ ವೆಂಟ್ ಪೈಪಿನ ತುದಿ ನೋಡಿ. ತೆರೆದಿದ್ದರೆ, ಎರಡು ದಿನ ಸದ್ದು ಬಂದಾಗಲೆಲ್ಲ ಗಂಟೆ ಬರೆದಿಟ್ಟುಕೊಂಡು, ಬೋರ್ ನೀರೋ ಕಾವೇರಿ ನೀರೋ ಅನ್ನುವುದನ್ನೂ ಸೇರಿಸಿ ಇಲ್ಲೇ ಕೆಳಗೆ ತಿಳಿಸಿ, ನೋಡೋಣ. ಮುಚ್ಚಿದ್ದರೆ ಗಂಟೆ ಬರೆಯುತ್ತ ಕೂರಬೇಡಿ, ಟ್ಯೂಬಿಗೆ ಗೋಣಿ ಹೊದಿಸಿ ಪ್ಲಂಬರ್‌ಗೆ ಫೋನ್ ಮಾಡಿ.