ಇಂಧನ 30 ಟನ್ನೋ, 22 ಟನ್ನೋ?

ಮಂಡ್ಯದ ಓದುಗರೊಬ್ಬರ ಪತ್ರ ಇದು. ಭಾನುವಾರಗಳಂದು ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯರ ಜೊತೆ ‘ಟ್ರಾವೆಲರ್’ ಆಡುತ್ತಾರೆ; ಬಾಹ್ಯಾಕಾಶ ಯಾನಿಗಳ ಪಾತ್ರ ವಹಿಸಿ ದಾಳ ಎಸೆದು ಆಡುವ ಆಟ ಇದು. ಆಟ ನಡೆಸುವ ರೆಫರಿ ಇವರೇ. 200 ಟನ್ನಿನ ಅದೇ ಫ್ರೀ ಟ್ರೇಡರ್ ಎಂಬ ಸರಕಿನ ಅಂತರಿಕ್ಷ ಹಡಗಿಗೆ ಒಂದು ನಿಯಮ ಪುಸ್ತಕದ ಪ್ರಕಾರ 30 ಟನ್ ಇಂಧನ ಬೇಕು, ಇನ್ನೊಂದರ ಪ್ರಕಾರ 22 ಸಾಕು. ಆಟಗಾರರೊಬ್ಬರು ಉಳಿದ 8 ಟನ್ ಜಾಗಕ್ಕೆ ಸರಕು ತುಂಬಿಕೊಂಡಿದ್ದಾರೆ. ಯಾವುದು ಸರಿ? ಮೆಡಿಕಲ್-2 (ಎರಡನೇ ಮಟ್ಟದ ವೈದ್ಯಕೀಯ ಕೌಶಲ) ಇರುವ ಪಾತ್ರಕ್ಕೆ ದಾಳದಲ್ಲಿ ಎಷ್ಟು ಬೀಳಬೇಕು ಎನ್ನುವುದೂ ಪುಸ್ತಕದಿಂದ ಪುಸ್ತಕಕ್ಕೆ ಏಕೆ ಬದಲಾಗುತ್ತದೆ?

ಮಾನ್ಯರೇ,

ಎರಡೂ ಲೆಕ್ಕ ಸರಿಯೇ, ಮುದ್ರಣದೋಷ ಯಾವುದೂ ಅಲ್ಲ. 1977ರಲ್ಲಿ ಬಂದು 1981ರಲ್ಲಿ ಪರಿಷ್ಕರಣೆಗೊಂಡ ಮೂಲ ಆಟದ ಎರಡನೇ ಪುಸ್ತಕ ಇರುವುದು ಸಣ್ಣ ಹಡಗುಗಳಿಗೆ. ಅಲ್ಲಿ ಎ, ಬಿ, ಸಿ ಎಂದು ಗುರುತಿಸಿದ ಸಿದ್ಧ ಯಂತ್ರಗಳನ್ನು ಆರಿಸಿ ಕೂರಿಸುತ್ತೀರಿ. ನಕ್ಷತ್ರಗಳ ನಡುವೆ ಒಂದು ಹಂತ ನೆಗೆಯುವ ಜಂಪ್-1ಕ್ಕೆ ಹಡಗಿನ ಹತ್ತನೇ ಒಂದು ಭಾಗ, ಅಂದರೆ 20 ಟನ್. ಹಡಗಿಗೆ ಶಕ್ತಿ ಕೊಡುವ ಪವರ್ ಪ್ಲಾಂಟಿಗೆ ಅದರ ದರ್ಜೆಯ ಹತ್ತರಷ್ಟು; ಇಲ್ಲಿ ದರ್ಜೆ 1, ಅಂದರೆ 10 ಟನ್. ಹಡಗು ಎಷ್ಟೇ ದೊಡ್ಡದಿರಲಿ, ಇದು ಬದಲಾಗುವುದಿಲ್ಲ. 1979ರಲ್ಲಿ ಬಂದು ಮರುವರ್ಷವೇ ತಿದ್ದುಪಡಿಯಾದ ‘ಹೈ ಗಾರ್ಡ್’ ನೌಕಾಪಡೆಯ ಭಾರೀ ಹಡಗುಗಳಿಗಾಗಿ ಬಂದದ್ದು. ಅಲ್ಲಿ ಎಲ್ಲವೂ ಶೇಕಡಾ ಲೆಕ್ಕ: ಪವರ್ ಪ್ಲಾಂಟಿಗೆ ಪ್ರತಿ ದರ್ಜೆಗೂ ಹಡಗಿನ ಶೇ 1. ಹಾಗಾಗಿ 200 ಟನ್ನಿಗೆ 2 ಟನ್ ಸಾಕಾಯಿತು. 1,000 ಟನ್ನಿಗೆ ಬಂದಾಗ ಎರಡೂ ಲೆಕ್ಕ ಸಮ. ಅದನ್ನು ದಾಟಿದರೆ ಹೈ ಗಾರ್ಡೇ ಹೆಚ್ಚು ಇಂಧನ ಕೇಳುತ್ತದೆ.

ನಿಮ್ಮ ಆಟಗಾರರ ವಾದ ಎಡವಿರುವುದು ಬೇರೆ ಕಡೆ. ಇಂಧನವನ್ನು ಅವರು ಹೈ ಗಾರ್ಡಿನಿಂದ ತೆಗೆದುಕೊಂಡರು, ಹಡಗಿನ ಬೆಲೆಯನ್ನು ಮಾತ್ರ ಹಳೆಯ ಪುಸ್ತಕದ್ದೇ ಉಳಿಸಿಕೊಂಡರು. ಹಳೆಯ ಲೆಕ್ಕದಲ್ಲಿ ಜಂಪ್, ಮನೂವರ್ (ಸಾಧಾರಣ ಚಲನೆಯ ಯಂತ್ರ), ಪವರ್ ಪ್ಲಾಂಟ್ ಮೂರೂ ಎ ಗುರುತಿನವಾದರೆ 15 ಟನ್, 2.2 ಕೋಟಿ ಕ್ರೆಡಿಟ್. ಅದೇ ಸಾಮರ್ಥ್ಯವನ್ನು ಹೈ ಗಾರ್ಡಿನಲ್ಲಿ ಟೆಕ್ ಲೆವೆಲ್ (ತಂತ್ರಜ್ಞಾನದ ಮಟ್ಟ) 9ಕ್ಕೆ ಕಟ್ಟಿದರೆ 14 ಟನ್, ಬೆಲೆ ಮಾತ್ರ 4 ಕೋಟಿ. ಸಾಲದ ಮಾಸಿಕ ಕಂತು ಬೆಲೆಯ 240ನೇ ಒಂದು ಭಾಗ ತಾನೇ? ರಿಯಾಯಿತಿ ಹಿಡಿಯದೆ ನೋಡಿದರೆ ತಿಂಗಳಿಗೆ 75,000 ಕ್ರೆಡಿಟ್ ಹೆಚ್ಚುವರಿ ಹೊರೆ. ಉಳಿಯುವ 9 ಟನ್ನಿನಿಂದ (ಇಂಧನದ 8, ಯಂತ್ರದ 1), ಟನ್ನಿಗೆ 1,000ದಂತೆ, ತಿಂಗಳ ಎರಡು ಟ್ರಿಪ್ಪಿಗೆ ಬರುವುದು 18,000. ಪೂರ್ತಿ ಹೈ ಗಾರ್ಡಿನಲ್ಲಿ ಕಟ್ಟಿದ್ದರೆ ಅವರಿಗೆ ನಷ್ಟವೇ ಆಗುತ್ತಿತ್ತು.

ಈ 8 ಟನ್ ಸಣ್ಣ ವಿಷಯವಲ್ಲ. ಹಳೆಯ ಪುಸ್ತಕದ ಫ್ರೀ ಟ್ರೇಡರಿಗೆ 82 ಟನ್ ಸರಕಿನ ಜಾಗ, 1,54,500 ಕ್ರೆಡಿಟ್ ಕಂತು. ಎರಡು ಟ್ರಿಪ್ಪೂ ಭರ್ತಿಯಾದರೆ ಸರಕಿನಿಂದ 1,64,000. ಸಂಬಳ, ಇಂಧನ, ರಿಪೇರಿ ಎಲ್ಲಕ್ಕೂ ಉಳಿಯುವುದು ಒಂಬತ್ತೂವರೆ ಸಾವಿರ. ಪ್ರಯಾಣಿಕರು ಸಿಗಬೇಕು, ಇಲ್ಲವೇ ಅಪಾಯದ ಕೆಲಸ ಒಪ್ಪಿಕೊಳ್ಳಬೇಕು. ಈ ಆಟದ ಸಾಹಸಗಳು ಹುಟ್ಟುವುದೇ ಆ ಕೊರತೆಯಿಂದ. ಅದಕ್ಕೇ ನೀವು ಬಿಗಿಯಾಗಿರಬೇಕು. ಒಂದು ಹಡಗಿನ ಇಂಧನ, ಯಂತ್ರ, ಬೆಲೆ ಮೂರನ್ನೂ ಒಂದೇ ಪುಸ್ತಕದಿಂದ ತೆಗೆಯಿರಿ. ಹಡಗಿನ ಹಾಳೆಯ ಮೇಲ್ಗಡೆ ಪುಸ್ತಕದ ಹೆಸರು, ಮುದ್ರಣದ ವರ್ಷ ಬರೆದು ಎಲ್ಲರಿಗೂ ಜೆರಾಕ್ಸ್ ಕೊಡಿ. ವ್ಯಾಪಾರದ ಆಟವಾದರೆ ನಾನು ಎರಡನೇ ಪುಸ್ತಕವನ್ನೇ ಆರಿಸುತ್ತೇನೆ.

ಇನ್ನು ದಾಳ. ಮೂಲ ಆಟದಲ್ಲಿ ಎಲ್ಲ ಕೆಲಸಕ್ಕೂ ಅನ್ವಯಿಸುವ ಒಂದೇ ಸೂತ್ರ ಇರಲಿಲ್ಲ. ರೆಫರಿ 8 ಎಂದರೆ ಎರಡು ದಾಳದ ಮೊತ್ತಕ್ಕೆ ಕೌಶಲದ 2 ಕೂಡಿಸಿ 8 ಮುಟ್ಟಬೇಕು. 36ರಲ್ಲಿ 26 ಸಲ ಗೆಲುವು. 1987ರ ಆವೃತ್ತಿಯಾದ ಮೆಗಾಟ್ರಾವೆಲರ್‌ನಲ್ಲಿ ಸಾಧಾರಣ ಕೆಲಸಕ್ಕೆ 7, ಕಷ್ಟದ್ದಕ್ಕೆ 11. ಕೌಶಲದ ಜೊತೆ ಪಾತ್ರದ ಗುಣಾಂಕವನ್ನು (ವಿದ್ಯೆಯಂಥ ಗುಣಕ್ಕೆ ಇರುವ ಅಂಕ) 5ರಿಂದ ಭಾಗಿಸಿ, ಭಿನ್ನ ಬಿಟ್ಟು ಬಂದದ್ದನ್ನೂ ಕೂಡಿಸುತ್ತಾರೆ. ವಿದ್ಯೆ 9 ಇದ್ದರೆ ಒಟ್ಟು 3: ಸಾಧಾರಣದಲ್ಲಿ 33 ಸಲ ಗೆಲುವು, ಕಷ್ಟದಲ್ಲಿ 15 ಸಲ ಮಾತ್ರ. 2008ರಿಂದ ಮಂಗೂಸ್ ಪ್ರಕಾಶನ ತರುತ್ತಿರುವ ಆವೃತ್ತಿಗಳಲ್ಲಿ ಸಾಮಾನ್ಯ ಕೆಲಸಕ್ಕೆ ಗುರಿ 8, ವಿದ್ಯೆ 9ಕ್ಕೆ 1 ಸೇರುತ್ತದೆ: 30 ಸಲ. ಹೊಸಬರಿಗೆ ಇದೇ ಸುಲಭ. 1993ರ ನ್ಯೂ ಎರಾ ಆವೃತ್ತಿಯಲ್ಲಿ ಇಪ್ಪತ್ತು ಮುಖದ ದಾಳ, ಕಡಿಮೆ ಬಿದ್ದಷ್ಟೂ ಒಳ್ಳೆಯದು. ಅದನ್ನು ಉಳಿದವುಗಳ ಜೊತೆ ಬೆರೆಸಲೇಬೇಡಿ.

ಪತ್ರದಲ್ಲಿ ಕೇಳದಿದ್ದರೂ ಹೇಳಬೇಕಾದ ಒಂದು ಮಾತಿದೆ. ಮೂಲ ಆಟದ ಮೊದಲ ಪುಸ್ತಕದಿಂದ ಮಾಡಿದ ಪಾತ್ರಕ್ಕೆ ನಾಲ್ಕು ವರ್ಷದ ಸೇವೆಗೆ ಸಾಮಾನ್ಯವಾಗಿ ಒಂದೆರಡು ಕೌಶಲ ಸಿಗುತ್ತವೆ. 1978ರ ‘ಮರ್ಸಿನರಿ’ ಎಂಬ ಸೈನಿಕರ ಪುಸ್ತಕದಲ್ಲಿ ವರ್ಷವರ್ಷಕ್ಕೂ ದಾಳ ಎಸೆಯುವುದರಿಂದ ಅದಕ್ಕಿಂತ ಹೆಚ್ಚು ಸೇರುತ್ತವೆ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದರೆ ಮೊದಲ ಪುಸ್ತಕದವರಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಎಲ್ಲರ ಪಾತ್ರವನ್ನೂ ಒಂದೇ ಪುಸ್ತಕದಿಂದ ಮಾಡಿಸಿ.

ಹಳೆಯ ಸಾಹಸಗಳನ್ನು ಮಂಗೂಸ್ ನಿಯಮದಲ್ಲಿ ಧಾರಾಳವಾಗಿ ಆಡಬಹುದು. ಅಲ್ಲಿ ದಾಳದ ಗುರಿ ಅಚ್ಚಾಗಿದ್ದರೆ ಅದನ್ನೇ ಇಟ್ಟುಕೊಂಡು ಕೌಶಲ ಮಾತ್ರ ಕೂಡಿಸಿ. ಗುಣಾಂಕದ ಅಂಕವನ್ನೂ ಸೇರಿಸಿದರೆ ಆ ಗುರಿ ತೀರಾ ಸಲೀಸಾಗಿಬಿಡುತ್ತದೆ.

— ಸಂಪಾದಕ