ಜಪಾನಿನ ಅಂಗಡಿ ಮುಂಗಟ್ಟುಗಳ ಫೋಟೋ: ಹೇಗೆ ತೆಗೆಯಬೇಕು, ಯಾರನ್ನು ಕೇಳಬೇಕು?

ಜಪಾನಿಗೆ ಹೊರಟಿರುವ ನೀವು, ಅಲ್ಲಿನ ವಿಚಿತ್ರ ಅಂಗಡಿ ಮುಂಗಟ್ಟುಗಳ ಫೋಟೋ ಚೆನ್ನಾಗಿ ಬರಲು ಏನು ಮಾಡಬೇಕು, ಅಂಗಡಿಯವರನ್ನು ಕೇಳಿಯೇ ತೆಗೆಯಬೇಕೆ ಎಂದು ಪ್ರಶ್ನಿಸಿದ್ದೀರಿ. ಅಲ್ಲಿ ಸುತ್ತಾಡಿ ಬಂದವನಾಗಿ, ಮಡಿಕೇರಿಯಲ್ಲಿ ಪ್ರವಾಸಿಗರ ಕ್ಯಾಮೆರಾಗಳ ನಡುವೆಯೇ ಬದುಕುವವನಾಗಿ ಉತ್ತರಿಸುತ್ತಿದ್ದೇನೆ.

ಟೋಕಿಯೋದಲ್ಲಿ ಉಯೆನೊ ಮತ್ತು ಅಸಕುಸಾ ನಡುವಿನ ಕಪ್ಪಾಬಾಶಿ ಬೀದಿಯನ್ನು ತಪ್ಪಿಸಬೇಡಿ. ಹೋಟೆಲಿನವರಿಗೆ ಬೇಕಾದ ಪಾತ್ರೆ, ಚಾಕು, ಬೋರ್ಡುಗಳನ್ನು ಮಾರುವ ಬೀದಿ ಅದು. ಒಂದು ಕಟ್ಟಡದ ನೆತ್ತಿಯ ಮೇಲೆ ಮೀಸೆಯ ಬಾಣಸಿಗನ ಬೃಹತ್ ತಲೆಯೇ ಕುಳಿತಿದೆ. ಊಟದ ಪ್ಲಾಸ್ಟಿಕ್ ಮಾದರಿಗಳನ್ನು ಮಾರುವ ಅಂಗಡಿಗಳಲ್ಲಿ, ಬಟ್ಟಲಿನಿಂದ ಮೇಲಕ್ಕೆತ್ತಿದ ನೂಡಲ್ಸ್ ಎಳೆಗಳು ಹಿಡಿದ ಕೈಯೇ ಇಲ್ಲದೆ ಗಾಳಿಯಲ್ಲಿ ನಿಂತಿರುವುದನ್ನು ಕಾಣುವಿರಿ. ಗಾಜಿನ ಪ್ರತಿಬಿಂಬ ಕಾಡಿದರೆ ಲೆನ್ಸನ್ನು ಗಾಜಿಗೆ ತೀರಾ ಹತ್ತಿರ ಹಿಡಿದು, ಸುತ್ತ ಕಪ್ಪು ಬಟ್ಟೆಯಿಂದ ಮರೆಮಾಡಿದರೆ ಸಾಕು.

ಒಸಾಕಾದ ದೋತೋಂಬೋರಿಯಲ್ಲಿ ಕಾಲಾಡಿಸುವ ದೈತ್ಯ ಏಡಿಯ ಫಲಕವಿದೆ. ಅದನ್ನು ಮುಸ್ಸಂಜೆಯಲ್ಲಿ, ಆಕಾಶದ ನೀಲಿ ಇನ್ನೂ ಉಳಿದಿರುವಾಗ ತೆಗೆಯಿರಿ, ಏಕೆಂದರೆ ಪೂರ್ತಿ ಕತ್ತಲಾದ ಮೇಲೆ ದೀಪಗಳಷ್ಟೇ ಬಿಳಿಚಿಕೊಂಡು ಕಟ್ಟಡ ಮಾಯವಾಗುತ್ತದೆ. ದೀಪಗಳ ಬಗ್ಗೆ ಇನ್ನೊಂದು ಮಾತು: ಟೋಕಿಯೋದ ವಿದ್ಯುತ್ತು ನಮ್ಮಂತೆಯೇ 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತ), ಒಸಾಕಾದ್ದು 60; ಕೆಲವು ದೀಪಗಳು ಇದಕ್ಕೆ ತಕ್ಕಂತೆ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತವೆ, ಆದ್ದರಿಂದ ಚಿತ್ರದಲ್ಲಿ ಅಡ್ಡಪಟ್ಟಿಗಳು ಕಂಡರೆ ಟೋಕಿಯೋದಲ್ಲಿ 1/50 ಅಥವಾ 1/100, ಒಸಾಕಾದಲ್ಲಿ 1/60 ಅಥವಾ 1/125 ಸೆಕೆಂಡಿನ ಷಟರ್ ವೇಗವನ್ನು ಪ್ರಯತ್ನಿಸಿ.

ಅನುಮತಿಯ ವಿಷಯದಲ್ಲಿ ನನ್ನ ನಿಲುವು ಗಟ್ಟಿಯಾಗಿದೆ. ಸಾರ್ವಜನಿಕ ರಸ್ತೆಯಿಂದ ಬೋರ್ಡು, ಕಟ್ಟಡ ತೆಗೆಯಲು ಸಾಮಾನ್ಯವಾಗಿ ಕೇಳಬೇಕಾಗಿಲ್ಲ. ಆದರೆ ಅಂಗಡಿಯಲ್ಲೋ ತಳ್ಳುಗಾಡಿಯ ಹಿಂದೆಯೋ ಮನುಷ್ಯರಿದ್ದರೆ ಕೇಳಲೇಬೇಕು. ನಮ್ಮ ಶುಕ್ರವಾರದ ಸಂತೆಯಲ್ಲಿ ಕಣಿಲೆ, ಗಾಂಧಾರಿ ಮೆಣಸು ಮಾರಲು ಕುಳಿತ ಅಜ್ಜಿಯರ ಮುಖಕ್ಕೇ ಯಾರೋ ಮೊಬೈಲು ಹಿಡಿದಾಗ ಅವರು ಸೆರಗು ಎಳೆದುಕೊಂಡು ತಿರುಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2024ರ ಮೇ ತಿಂಗಳಲ್ಲಿ ಫುಜಿ ಪರ್ವತದ ಬಳಿಯ ಫುಜಿಕವಾಗುಚಿಕೊ ಪಟ್ಟಣದಲ್ಲಿ, ಲಾಸನ್ ಅಂಗಡಿಯ ಹಿಂದೆ ಪರ್ವತ ಕಾಣುವ ಚಿತ್ರಕ್ಕಾಗಿ ಜನ ರಸ್ತೆಗಿಳಿದು, ಕಸ ಬಿಟ್ಟು ಹೋಗುತ್ತಿದ್ದರಿಂದ, ಆಡಳಿತವು 2.5 ಮೀಟರ್ ಎತ್ತರದ ಕಪ್ಪು ಪರದೆಯನ್ನೇ ಕಟ್ಟಬೇಕಾಯಿತು. ಕ್ಯೋಟೋದ ಗಿಯೋನ್ ಬಡಾವಣೆಯ ಖಾಸಗಿ ಓಣಿಗಳಲ್ಲಂತೂ ಅನುಮತಿಯಿಲ್ಲದೆ ಫೋಟೋ ತೆಗೆದರೆ 10,000 ಯೆನ್ ದಂಡವೆಂಬ ಫಲಕವಿದೆ.

ಕ್ಯಾಮೆರಾದ ಚಿತ್ರಕ್ಕೆ ಅಡ್ಡಗೆರೆ ಹಾಕಿದ ಚೀಟಿ ಅಂಟಿಸಿದ್ದರೆ ಮುಂದೆ ನಡೆಯಿರಿ. ಇಲ್ಲವಾದರೆ, ಗಿರಾಕಿಗಳಿಲ್ಲದ ಹೊತ್ತು ನೋಡಿ ಏನಾದರೂ ಕೊಂಡು, ಕ್ಯಾಮೆರಾ ತೋರಿಸಿ “ಶಾಶಿನ್ ಈ ದೆಸ್ ಕ?” (ಫೋಟೋ ತೆಗೆಯಬಹುದೇ?) ಎಂದು ಕೇಳಿ, ತೆಗೆದ ಮೇಲೆ ಚಿತ್ರವನ್ನು ಅವರಿಗೂ ತೋರಿಸಿ.