ಬಂಡೆಯೊಳಗಿನ ಸಂನ್ಯಾಸಿಗೆ ಸಂಬಳವೆಷ್ಟು?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ವಾರ್ಕ್‌ವರ್ತ್ ಎಂಬ ಊರಿನಲ್ಲಿ, ದೋಣಿಯಲ್ಲಿ ಕೋಕೆಟ್ ನದಿ ದಾಟಿ, ಬಂಡೆಯಲ್ಲಿ ಕೊರೆದ ಆಶ್ರಮವನ್ನು ನೋಡಿದೆವು. ಪ್ರೇಯಸಿಯನ್ನೂ ತಮ್ಮನನ್ನೂ ತಿಳಿಯದೆ ಕೊಂದ ಬರ್ಟ್ರಾಮ್ ಎಂಬ ಯೋಧ ಪಶ್ಚಾತ್ತಾಪದಿಂದ ಅದನ್ನು ಕೊರೆದನಂತೆ. ನಿಜವೇ? ಅಲ್ಲಿನ ಸಂನ್ಯಾಸಿಗಳು ಏನು ತಿಂದು ಬದುಕುತ್ತಿದ್ದರು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ರುಚಿಸಿತು. ಮೊದಲು ಕತೆಯನ್ನು ಮುಗಿಸಿಬಿಡೋಣ. ಅದು ಮನೆಮಾತಾದದ್ದು ಥಾಮಸ್ ಪರ್ಸಿ ಎಂಬ ಪಾದ್ರಿ 1771ರಲ್ಲಿ ಪ್ರಕಟಿಸಿದ ಲಾವಣಿಯಿಂದ. ಆತ ಆ ಸೀಮೆಯ ಡ್ಯೂಕ್ ಮನೆತನದ ಆಶ್ರಯದಲ್ಲಿದ್ದವನು. ಆ ಮನೆತನದ ಹೆಸರೂ ಪರ್ಸಿಯೇ, ಆದರೆ ಈತ ದಿನಸಿ ವ್ಯಾಪಾರಿಯ ಮಗ. ಧಣಿಗಳ ಹಳೆಯ ಕೋಟೆಯ ಪಕ್ಕದ ಗುಹೆಗೆ ಒಂದು ಕಣ್ಣೀರಿನ ಕತೆ ಸಿಕ್ಕರೆ ಯಾರಿಗೆ ಬೇಡ?

ಗುಹೆ ಮಾತ್ರ ಸುಮಾರು 1400ರದು. ಕೋಟೆಯ ಒಡೆಯರಾದ ಪರ್ಸಿ ಮನೆತನದವರೇ ಅದನ್ನು ಮಾಡಿಸಿದರೆಂಬುದು ಬಲವಾದ ಅಭಿಪ್ರಾಯ. ಒಳಗಿನ ಪ್ರಾರ್ಥನಾಲಯದ ಚಾವಣಿಯನ್ನು ನೀವು ಗಮನಿಸಿರಬೇಕು: ಕಟ್ಟಿದ ಚರ್ಚಿನಲ್ಲಿ ಭಾರ ಹೊರುವ ಕಮಾನುಪಟ್ಟಿಗಳನ್ನು ಇಲ್ಲಿ ಬಂಡೆಯಲ್ಲೇ ಬಿಡಿಸಿದ್ದಾರೆ. ಅವು ಏನನ್ನೂ ಹೊತ್ತಿಲ್ಲ, ಬರೀ ಶೋಭೆಗೆ. ಕಿಟಕಿಯ ಬಳಿ ಸವೆದುಹೋದ, ಒರಗಿ ಮಲಗಿದ ಹೆಂಗಸಿನ ಶಿಲ್ಪವಿದೆಯಲ್ಲ, ಅವಳನ್ನೇ ಲಾವಣಿ ಬರ್ಟ್ರಾಮನ ಪ್ರೇಯಸಿ ಎಂದದ್ದು. ಅದು ಕ್ರಿಸ್ತಜನನದ ದೃಶ್ಯ, ಮಲಗಿದವಳು ಮೇರಿ ಎಂಬ ವಿದ್ವಾಂಸರ ಮಾತು ನನಗೆ ಒಪ್ಪಿಗೆ. ಪ್ರಾರ್ಥನಾಲಯದಲ್ಲಿ ಅದಕ್ಕಿಂತ ಸಹಜವಾದ ಚಿತ್ರ ಇನ್ನಾವುದು?

ಇನ್ನು ಊಟದ ವಿಷಯ. ಉಪವಾಸವಿದ್ದು ಸೊರಗಿದ ತಪಸ್ವಿಯನ್ನು ನೀವು ಕಲ್ಪಿಸಿಕೊಂಡಿದ್ದರೆ ಮರೆತುಬಿಡಿ. 1531ರಲ್ಲಿ ಆ ಮನೆತನದ ಆರನೆಯ ಅರ್ಲ್ (ನಮ್ಮ ಸಾಮಂತರಂಥ ಪದವಿ) ಹೆನ್ರಿ ಪರ್ಸಿ, ಜಾರ್ಜ್ ಲ್ಯಾಂಕಾಸ್ಟರ್ ಎಂಬ ಪಾದ್ರಿಗೆ ಈ ಆಶ್ರಮವನ್ನು ವಹಿಸಿದ ಪತ್ರ ಉಳಿದಿದೆ. ನಮ್ಮ ಉಂಬಳಿಯನ್ನು ನೆನಪಿಸುವ ಪತ್ರ ಅದು. ವರ್ಷಕ್ಕೆ 20 ಮಾರ್ಕ್ ಸಂಬಳ, ಅಂದರೆ 13 ಪೌಂಡಿನ ಮೇಲೆ ಚಿಲ್ಲರೆ. ಹನ್ನೆರಡು ದನಗಳಿಗೆ, ಒಂದು ಹೋರಿಗೆ, ಎರಡು ಕುದುರೆಗೆ ಮೇವಿನ ಹಕ್ಕು. 20 ಹೊರೆ ಸೌದೆ. ಭಾನುವಾರಕ್ಕೊಮ್ಮೆ ನದಿಯಲ್ಲಿ ಒಂದು ಬಲೆ ಬೀಸಿದಾಗ ಸಿಕ್ಕ ಮೀನು. ಜೊತೆಗೆ ಕೈತೋಟ. ಹೊರಗೆ ಕಟ್ಟಿದ ಭಾಗದಲ್ಲಿ ಅಡುಗೆಮನೆಯೂ ಇತ್ತು. ಇಷ್ಟಕ್ಕೆ ಪ್ರತಿಯಾಗಿ ಅವರ ಕೆಲಸ, ಧಣಿಯ ವಂಶದವರ ಆತ್ಮಗಳಿಗಾಗಿ ಪ್ರಾರ್ಥನೆ.

ಆದರೆ ಹುದ್ದೆ ಬಹುಕಾಲ ಬಾಳಲಿಲ್ಲ. 1537ರಲ್ಲಿ ಅರ್ಲ್ ಮಕ್ಕಳಿಲ್ಲದೆ ತೀರಿಕೊಂಡ. ಆಸ್ತಿ ದೊರೆ ಎಂಟನೆಯ ಹೆನ್ರಿಯ ಪಾಲಾಯಿತು. ಮಠಗಳನ್ನೇ ಮುಚ್ಚಿಸುತ್ತಿದ್ದ ಆ ದೊರೆಯಿಂದ ಸಂನ್ಯಾಸಿಯ ಮೀನಿಗೂ ಸೌದೆಗೂ ಮಂಜೂರಾತಿ ಎಲ್ಲಿಂದ ಬರಬೇಕು?